ಅಣ್ಣನ ಜೊತೆ ಮಾತಾಡಿ, ಆದ್ರೆ ಆ ಪತ್ರಕ್ಕೆ ಸಹಿ ಬೇಡ

ಶಂಕರಪುರದ ಹತ್ತಿರದ ಓದುಗಿಯೊಬ್ಬರ ಪತ್ರ: ಅಪ್ಪ ದುಡಿದು ತೆಗೆದ 80 ಸೆಂಟ್ಸ್ ಜಾಗವಿದೆ. ಅವರು ವಿಲ್ ಬರೆಯದೆ ತೀರಿಕೊಂಡರು. ಅಮ್ಮ ಮತ್ತು ನಾನು ಅಲ್ಲೇ ಇದ್ದೇವೆ, ಮಲ್ಲಿಗೆ ಬೆಳೆದು ಜೀವನ. ಮುಂಬೈಯ ಅಣ್ಣ, ದುಬೈಯ ತಮ್ಮ ಇಬ್ಬರಿಗೂ ಮಾರುವ ಅವಸರ. 'ಹಕ್ಕು ಬಿಡುಗಡೆಗೆ ಸಹಿ ಹಾಕು, ಆಮೇಲೆ ಏನಾದ್ರೂ ಕೊಡ್ತೇವೆ' ಅಂತಾನೆ ಅಣ್ಣ. ಹಾಕದಿದ್ದರೆ ಒಡಹುಟ್ಟಿದವರೇ ದೂರವಾಗ್ತಾರೆ ಅಂತ ಭಯ.

ಸಹಿ ಹಾಕಬೇಡಿ. 'ಆಮೇಲೆ ಏನಾದ್ರೂ' ಅನ್ನುವ ಮಾತು ಯಾವ ಕಾಗದದಲ್ಲೂ ಇರುವುದಿಲ್ಲ. ಬಿಡುಗಡೆ ಪತ್ರ ನೋಂದಣಿ ಆದ ಮೇಲೆ ನಿಮ್ಮ ಪಾಲು ಹೋದ ಹಾಗೆಯೇ, ವಾಪಸ್ ಕೇಳಬೇಕಾದರೆ ಕೋರ್ಟಿಗೆ ಅಲೆಯಬೇಕು.

ಹೆಣ್ಣುಮಕ್ಕಳಿಗೆ ಪಾಲು ಕೊಡುವುದು ಅಣ್ಣನ ದೊಡ್ಡ ಮನಸ್ಸಲ್ಲ. ಅಪ್ಪನ ಸ್ವಂತ ದುಡಿಮೆಯ ಆಸ್ತಿಯಲ್ಲಿ ಮಗಳಿಗೆ ಸಮಪಾಲು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲೇ ಇದೆ. 2005ರ ತಿದ್ದುಪಡಿ ಪಿತ್ರಾರ್ಜಿತದ ವಿಷಯ. ನಿಮ್ಮ ಮನೆಯಲ್ಲಿ ಪಾಲು ಮೂರಲ್ಲ, ನಾಲ್ಕು. ಅಮ್ಮನದ್ದೂ ಒಂದು. ಅಮ್ಮನಿಗೆ ಏನು ಬೇಕು ಅಂತ ಗಂಡುಮಕ್ಕಳು ಕೇಳಿಲ್ಲ, ನಿಮ್ಮ ಇಷ್ಟುದ್ದದ ಪತ್ರದಲ್ಲೂ ಅದಿಲ್ಲ, ಅದನ್ನು ಓದಿ ನನಗೆ ನಿಜವಾಗಿ ಬೇಸರವಾಯಿತು. ಇವತ್ತೇ ಕೇಳಿ.

ಹಾಗಂತ 'ಮಾರುವುದೇ ಬೇಡ' ಅಂತ ಸುಮ್ನೆ ಕೂತರೂ ಆಗುವುದಿಲ್ಲ. ಅವರ ಪಾಲಿನ ದುಡ್ಡು ಕೇಳುವುದು ತಪ್ಪಲ್ಲ, ಅಲ್ವಾ? ಅಣ್ಣ ಪೂರ್ತಿ ಜಾಗ ಮಾರಲಾರ, ತನ್ನ ಕಾಲು ಪಾಲನ್ನು ಮಾತ್ರ ಮಾರಬಹುದು. ಆಗ ಹೊರಗಿನವರಿಗಿಂತ ಮೊದಲು ಕೊಳ್ಳುವ ಹಕ್ಕು ಅದೇ ಕಾಯಿದೆಯ 22ನೇ ಕಲಂನಲ್ಲಿ ನಿಮಗಿದೆ. ಬೆಲೆ ಹೊಂದದಿದ್ದರೆ ಕೋರ್ಟೇ ನಿಗದಿ ಮಾಡುತ್ತದೆ. ದಾವೆಗೆ ಹೋದರೆ ಇನ್ನೊಂದು ಅಪಾಯವಿದೆ. ಜಾಗ ಸರಿಯಾಗಿ ಪಾಲು ಮಾಡಲು ಬರುವುದಿಲ್ಲ ಅಂತ ಕಂಡರೆ, ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲಿನವರು ಕೇಳಿಕೊಂಡಾಗ ಕೋರ್ಟು 1893ರ ವಿಭಜನಾ ಕಾಯಿದೆಯಂತೆ ಮಾರಾಟಕ್ಕೇ ಆದೇಶ ಮಾಡಬಹುದು. ಅಣ್ಣ ತಮ್ಮ ಸೇರಿದರೆ ಸರಿಯಾಗಿ ಅರ್ಧ. ಕೋರ್ಟು ಕಟ್ಟಿಸಿದ ಬೆಲೆಗೆ ಅವರ ಪಾಲು ಕೊಳ್ಳಲು ನೀವು ಆಗಲೂ ಕೇಳಬಹುದು, ಆದರೆ ಕೈಯಲ್ಲಿ ದುಡ್ಡು ಬೇಕು.

ಅದಕ್ಕೇ ಹೇಳುತ್ತೇನೆ, ಮಾರಾಟಕ್ಕೆ ಮೊದಲು ಪಾಲು ಆಗಲಿ. ಆರ್‌ಟಿಸಿ (ಪಹಣಿ) ತೆಗೆಸಿ, ಸರ್ವೆಯವರನ್ನು ಕರೆಸಿ ಅಳತೆ ಮಾಡಿಸಿ. ಅಮ್ಮ ಒಪ್ಪಿದರೆ ಅವರ ಮತ್ತು ನಿಮ್ಮ ಪಾಲು ಒಟ್ಟಿಗೆ 40 ಸೆಂಟ್ಸ್: ಮನೆ, ಬಾವಿ, ಮಲ್ಲಿಗೆ ಗಿಡ, ನಾಗಬನ ಅದರೊಳಗೆ ಬರುವ ಹಾಗೆ ನೋಡಿ. ರಸ್ತೆ ಬದಿಯದ್ದು ಅವರಿಬ್ಬರಿಗೆ. ಅದಕ್ಕೆ ಬೆಲೆ ಜಾಸ್ತಿ, ಮಾರಲೂ ಸುಲಭ, ಹಾಗಾಗಿ ಅಣ್ಣನಿಗೆ ಇದರಲ್ಲಿ ನಷ್ಟವಿಲ್ಲ. ನಿಮಗೆ ಹೋಗಿಬರುವ ದಾರಿ, ನಾಗರಪಂಚಮಿಗೆ ಎಲ್ಲರೂ ಬನಕ್ಕೆ ಬರುವ ದಾರಿ, ಎರಡನ್ನೂ ಪಾಲುಪಟ್ಟಿಯಲ್ಲೇ ಬರೆಸಿ ನೋಂದಣಿ ಮಾಡಿಸಿ. ಬಾಯಿಮಾತು ಬೇಡ.

ಬ್ರೋಕರ್ ಎದುರಲ್ಲಿ ಈ ಮಾತು ತೆಗೆಯಬೇಡಿ. ತಮ್ಮನಿಗೂ ಬೇರೆಯಾಗಿ ಫೋನ್ ಮಾಡಿ, ಅವನು ಅಣ್ಣನಷ್ಟು ಗಟ್ಟಿಯಾಗಿ ಹೇಳಿದ ಹಾಗೆ ನಿಮ್ಮ ಪತ್ರದಲ್ಲಿ ಕಾಣಲಿಲ್ಲ. ಅಣ್ಣ ಸಿಟ್ಟಲ್ಲಿ ಫೋನ್ ಇಟ್ಟರೆ ಇಡಲಿ. ನಾಲ್ಕು ದಿನ ಬಿಟ್ಟು ನೀವೇ ಮತ್ತೆ ಮಾಡಿ, ಅಷ್ಟರಲ್ಲಿ ಅಳತೆಯ ನಕ್ಷೆಯನ್ನು ಅವನಿಗೆ ವಾಟ್ಸ್ಆ್ಯಪ್ ಮಾಡಿರಿ.