ತಿಕೋಟಾದ ಮಣೂಕಕ್ಕೆ ದುಬೈ ಆಫೀಸು ಯಾವಾಗ?

ಪ್ರಶ್ನೆ: ನಾವು ಮೂವರು ಅಣ್ಣತಮ್ಮಂದಿರು, ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ 12 ಎಕರೆ ದ್ರಾಕ್ಷಿ ಇದೆ. ಮಣೂಕ (ಒಣದ್ರಾಕ್ಷಿ) ಮಾಡಿ ಮಹಾರಾಷ್ಟ್ರದ ತಾಸಗಾಂವ ಪೇಟೆಗೆ ಹಾಕುತ್ತೇವೆ. ನಾಲ್ಕಾರು ದೇಶಗಳಲ್ಲಿ ವ್ಯವಹಾರ ಇರುವ ಕಂಪನಿ ಕಟ್ಟುವ ಆಸೆ. ದುಬೈ ಆಫೀಸಿನಿಂದಲೇ ಶುರು ಮಾಡಬಹುದೇ?

ಉತ್ತರ: ಬೇಡ, ಅದು ಕಡೆಯ ಕೆಲಸ. ಮೊದಲು ಮಾಲಿನ ಲೆಕ್ಕ ನೋಡಿ. ಎಕರೆಗೆ 10 ಟನ್ ಹಣ್ಣು ಹಿಡಿದರೆ 120 ಟನ್. ಸುಮಾರು 4 ಕಿಲೊ ಹಣ್ಣಿಗೆ 1 ಕಿಲೊ ಮಣೂಕ, ಅಂದರೆ 30 ಟನ್. ಬಣ್ಣ, ಗಾತ್ರ ಆರಿಸಿದ ಮೇಲೆ ಒಂದೇ ದರ್ಜೆಯದು 20 ಅಡಿಯ ಒಂದು ಕಂಟೇನರಿಗೂ ಸಾಲದಿರಬಹುದು. ಅಕ್ಕಪಕ್ಕದವರ ಮಾಲು ಕೊಳ್ಳಲೇಬೇಕಾಗುತ್ತದೆ, ಮುಗ್ಗರಿಸುವುದೂ ಅಲ್ಲೇ.

ಒಬ್ಬರ ತೋಟದಲ್ಲಿ ಕೊಯ್ಲಿನ ಹತ್ತಿರ ಹೊಡೆದ ಔಷಧ ಇಡೀ ಕಂಟೇನರನ್ನು ತಿರಸ್ಕಾರಕ್ಕೆ ಗುರಿಮಾಡಬಲ್ಲದು. ಪ್ರತಿ ತೋಟಕ್ಕೂ ಅದರ ಮಾಲನ್ನು ಗುರುತಿಸುವ ಬೇರೆ ಲಾಟ್ ನಂಬರ್ ಕೊಡಿ, ಕೊನೆಯ ಸಿಂಪಡಣೆಯ ತಾರೀಖು ಬರೆದಿಡಿ. ಒಣಗಿಸುವ ಮೊದಲು ಹಣ್ಣು ಅದ್ದುವ ದ್ರಾವಣವೂ ಎಲ್ಲರದೂ ಒಂದೇ ಇರಲಿ: ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೋನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್, 2ರಿಂದ 4 ನಿಮಿಷ. ಶೆಡ್ಡಿನ ಎಲ್ಲ ರ್ಯಾಕೂ ಒಂದೇ ಸಮ ಒಣಗುವುದಿಲ್ಲ. ಕೈಯಲ್ಲಿ ಹಿಚುಕಿ ನೋಡುವುದು ಬಿಟ್ಟು ತೇವ ಅಳೆಯುವ ಮೀಟರ್ ಇಡಿ, ತೇವ ಶೇ 15 ದಾಟಕೂಡದು. ಹೆಚ್ಚಾದರೆ ಮಾಲು ಪೆಟ್ಟಿಗೆಯಲ್ಲಿ ಗಂಟುಕಟ್ಟಿ ಬೂಷ್ಟು ಹಿಡಿಯುತ್ತದೆ. ಯುರೋಪಿನಲ್ಲಿ ಬೂಷ್ಟಿನ ವಿಷವಾದ ಓಕ್ರಾಟಾಕ್ಸಿನ್‌ಗೆ ಮಿತಿ ಕಿಲೊಗೆ 8 ಮೈಕ್ರೋಗ್ರಾಂ. ಲ್ಯಾಬ್ ಪರೀಕ್ಷೆ ಲಾಟುಗಳನ್ನು ಬೆರೆಸುವ ಮೊದಲೇ ಆಗಬೇಕು. ಬೆರೆಸಿದ ಮೇಲೆ ಯಾರ ತಪ್ಪೆಂದು ಹುಡುಕಲಾಗದು.

ಹೊಲ ನಿಮ್ಮ ನಿಮ್ಮ ಹೆಸರಲ್ಲೇ ಇರಲಿ, ಗ್ರೇಡಿಂಗ್ ಮತ್ತು ವ್ಯಾಪಾರ ಮಾತ್ರ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಹೋಗಲಿ. ಕಂಪನಿ ನಿಮ್ಮ ಮಾಲನ್ನೂ ಪೇಟೆ ದರಕ್ಕೆ ಬಿಲ್ ಮಾಡಿಯೇ ಕೊಳ್ಳಬೇಕು. ದುಡಿಯುವ ತಮ್ಮನಿಗೆ ಸಂಬಳ ಬೇರೆ, ಷೇರಿನ ಲಾಭ ಬೇರೆ. ಒಬ್ಬರು ಹೊರಹೋದರೆ ಷೇರಿಗೆ ಬೆಲೆ ಕಟ್ಟುವ ಬಗೆಯನ್ನು ಈಗಲೇ ಕರಾರಿನಲ್ಲಿ ಬರೆಯಿರಿ. ಲಾಭ ಬಂದ ಮೇಲೆ ಯಾರೂ ಬರೆಯಲು ಒಪ್ಪುವುದಿಲ್ಲ. ರಫ್ತಿಗೆ ಬೇಕಾದ ಐಇಸಿ (ಆಮದು-ರಫ್ತು ಕೋಡ್), ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾದ ನೋಂದಣಿ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್ಎಸ್ಎಸ್ಎಐನ ಕೇಂದ್ರ ಲೈಸೆನ್ಸ್ ದೊಡ್ಡ ತಲೆನೋವೇನಲ್ಲ.

ಮೊದಲ ವರ್ಷಗಳಲ್ಲಿ ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಹಡಗಿಗೇರಿಸುವವರೆಗಿನ ದರಕ್ಕಷ್ಟೇ ಮಾರಿ. ಉದ್ದರಿ ಕೊಟ್ಟರೆ, ಕೊಂಡವರು ಹಣ ಕೊಡದಿದ್ದಾಗ ನೆರವಾಗುವ ಸರ್ಕಾರಿ ಸಂಸ್ಥೆ ಇಸಿಜಿಸಿಯ ವಿಮೆ ಇರಲಿ. ಒಂದೇ ದೇಶದಿಂದ ಮತ್ತೆ ಮತ್ತೆ ಆರ್ಡರ್ ಬರತೊಡಗಿದಾಗ ಅಲ್ಲಿ ಅಂಗಸಂಸ್ಥೆ ತೆರೆಯಬಹುದು. 2022ರ ಸಾಗರೋತ್ತರ ಹೂಡಿಕೆ ನಿಯಮದ ಪ್ರಕಾರ ಹೊರದೇಶದಲ್ಲಿ ಹೂಡುವ ಹಣದ ಮಿತಿ ಕಂಪನಿಯ ನಿವ್ವಳ ಸಂಪತ್ತಿನ (ಸಾಲ ಕಳೆದು ಉಳಿಯುವ ಆಸ್ತಿಯ) ಶೇ 400. ನಿಮ್ಮ ಹೊಲ ಈ ಲೆಕ್ಕಕ್ಕೆ ಬಾರದು, ಆದ್ದರಿಂದ ಲಾಭವನ್ನು ಹಂಚಿಕೊಳ್ಳದೆ ಕಂಪನಿಯಲ್ಲೇ ಬಿಡುತ್ತ ಬನ್ನಿ. ಹಣ ಕಳಿಸುವ ಮೊದಲು ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿ ಕೊಟ್ಟು ಆ ಹೂಡಿಕೆಯ ಗುರುತಿನ ಸಂಖ್ಯೆಯಾದ ಯುಐಎನ್ ಪಡೆಯಿರಿ.