ಪ್ರತಿಕ್ರಿಯೆ: ಮಾವನ ಕವನ ಸಂಕಲನ, ಇ-ಬುಕ್ಕಾ ಮರುಮುದ್ರಣವಾ?

ಬದಿಯಡ್ಕದಿಂದ ಕೇಳಿದ್ದೀರಲ್ವಾ, ಮಾವನ ಹಳೇ ಕವನ ಸಂಕಲನದ ಪೇಜ್‌ಮೇಕರ್ (ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್) ಫೈಲ್ ಉಂಟು, ಪಿಡಿಎಫ್ ಮಾಡಿ ಇ-ಬುಕ್ ಅಂತ ಮಾರಬಹುದಾ ಅಂತ. ಮಾರಬಹುದು, ಆದ್ರೆ ದಯವಿಟ್ಟು ಬರೀ ಪಿಡಿಎಫ್ ಬೇಡ, ಫೋನಲ್ಲಿ ಓದುವವರು ಪ್ರತಿ ಸಾಲಿಗೂ ಹಿಗ್ಗಿಸಿ ಹಿಗ್ಗಿಸಿ ಸುಸ್ತಾಗಿ ಬಿಟ್ಟುಬಿಡ್ತಾರೆ. ಇಪಬ್ (EPUB) ಅಂತ ಇ-ಬುಕ್ಕಿಗೇ ಇರುವ ಫೈಲ್ ಬಗೆ ಉಂಟು, ಅದನ್ನು ಮಾಡಿಸಿ, ಅದ್ರಲ್ಲಿ ಅಕ್ಷರ ಬೇಕಾದಷ್ಟು ದೊಡ್ಡದು ಮಾಡ್ಕೊಳ್ಬಹುದು.

ನಿಜವಾದ ಕೆಲಸ ಇರೋದು ಫಾಂಟಲ್ಲಿ. ಆಗಿನ ಫೈಲ್‌ಗಳು ಹೆಚ್ಚಾಗಿ ಹಳೇ ನುಡಿ ಅಥವಾ ಬರಹ ಫಾಂಟಲ್ಲಿ ಇರ್ತವೆ, ಈಗ ಎಲ್ಲ ಫೋನಲ್ಲೂ ಕನ್ನಡ ತೋರಿಸುವ ಯೂನಿಕೋಡ್ ಅಲ್ಲ, ಹಾಗೇ ಹಾಕಿದ್ರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ ಕಾಣ್ತದೆ, ಹುಡುಕಿದ್ರೂ ಸಿಗುದಿಲ್ಲ. ಯೂನಿಕೋಡಿಗೆ ಬದಲಿಸುವ ಕನ್ವರ್ಟರ್ ಉಂಟು, ಆದ್ರೆ ಅರ್ಕಾವತ್ತು, ಒತ್ತಕ್ಷರ ಎಲ್ಲ ಅಲ್ಲಲ್ಲಿ ಹಾಳಾಗ್ತದೆ, ಅಚ್ಚಾದ ಪುಸ್ತಕ ಪಕ್ಕದಲ್ಲಿಟ್ಟು ಸಾಲು ಸಾಲು ನೋಡ್ಲೇಬೇಕು. ಕವನ ಆದ್ದರಿಂದ ಇನ್ನೊಂದು, ಉದ್ದ ಸಾಲು ಸಣ್ಣ ಸ್ಕ್ರೀನಲ್ಲಿ ಮುರಿದು ಕೆಳಗೆ ಬರ್ತದೆ, ಮುರಿದ ತುಂಡು ಸ್ವಲ್ಪ ಒಳಗೆ ಸರಿದು ಕೂರುವ ಹಾಗೆ ಮಾಡಿಸಿ, ಇಲ್ಲಾಂದ್ರೆ ಲಯವೇ ಹೋಯ್ತು.

ಇ-ಬುಕ್ಕಿಗೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಹಾಕುದಾದ್ರೆ ಅಚ್ಚಿನ ಪುಸ್ತಕದ್ದು ಆಗುದಿಲ್ಲ, ಬೇರೆಯೇ ಬೇಕು, ನಮ್ಮ ದೇಶದಲ್ಲಿ ಅದು ಉಚಿತ. ಮಾವ ತೀರಿಹೋಗಿದ್ರೆ ವಾರಸುದಾರರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ, ಕವಿ ತೀರಿದ ಮೇಲೆ 60 ವರ್ಷ ಹಕ್ಕು ಅವರದ್ದೇ.

ಗೂಗಲ್ ಪ್ಲೇ ಬುಕ್ಸಲ್ಲಿ ಕನ್ನಡ ಹಾಕ್ಲಿಕ್ಕಾಗ್ತದೆ. ಕನ್ನಡ ಪುಸ್ತಕಕ್ಕೆ ಮಂಗಳೂರಿಗೆ ಬಸ್ ಹತ್ತುವ ನಮ್ಮ ಕಾಸರಗೋಡಿನವರಿಗೆ ಇದು ದೊಡ್ಡ ಉಪಕಾರ. ಆದ್ರೂ ಒಂದು ಐವತ್ತು ಪ್ರತಿ ಅಚ್ಚು ಹಾಕ್ಸಿ ಊರಿನ ಗ್ರಂಥಾಲಯ, ಕನ್ನಡ ಶಾಲೆಗಳಿಗೆ ಕೊಡಿ, ಅಲ್ಲಿಯ ಮಕ್ಕಳ ಕೈಗೆ ಕಾಗದವೇ ಸಿಗ್ಬೇಕು ಅಂತ ನನ್ನ ಆಸೆ.