ಮಾರ್ಕ್ಸ್ ಕೊಡೋ ಲ್ಯಾಪ್‌ಟಾಪ್ ಯಾವ ಅಂಗಡೀಲೂ ಸಿಗಲ್ಲ

ಶಾಲೆ ಶುರುವಾಗುವ ಹೊತ್ತಿಗೆ ನನಗೆ ಹೆಚ್ಚಾಗಿ ಬರುವುದು ಒಂದೇ ಪ್ರಶ್ನೆ. ಈ ಸಲ ಉದ್ದಕ್ಕೆ ಬರೆದುಬಿಡುತ್ತೇನೆ. ಮುಂದಿನ ವರ್ಷ ಮತ್ತೆ ಕೇಳಬೇಡಿ.

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಲ್ಯಾಪ್‌ಟಾಪ್ ಕೊಡಿಸಿದರೆ ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತಾ? ಅಂಗಡಿಯವರು 70 ಸಾವಿರದ ಗೇಮಿಂಗ್ ಮಾಡೆಲ್ ತೋರಿಸುತ್ತಿದ್ದಾರೆ. (ಮದ್ದೂರು)

ಬರಲ್ಲ. ಪೆರು ದೇಶದ ಸರ್ಕಾರ ಮಕ್ಕಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತ್ತು. ಅಲ್ಲಿನ ಹಳ್ಳಿಗಳ ಪ್ರಾಥಮಿಕ ಶಾಲೆಗಳಲ್ಲಿ ಪರೀಕ್ಷಿಸಿ 2012ರಲ್ಲಿ ವರದಿ ಕೊಟ್ಟರು. ಗಣಿತವೂ ಸುಧಾರಿಸಿರಲಿಲ್ಲ, ಭಾಷೆಯೂ ಸುಧಾರಿಸಿರಲಿಲ್ಲ. ಮೇಲಾಗಿ ನಿಮ್ಮ ಮಗಳು ಮೂರು ಗಂಟೆ ಕೂತು ಪೆನ್ನಿನಲ್ಲೇ ಬರೆಯಬೇಕು. ನೋಟ್ಸನ್ನೆಲ್ಲ ಟೈಪ್ ಮಾಡಿಸಿದರೆ ಪರೀಕ್ಷೆ ದಿನ ಕೈ ನೋಯುತ್ತದೆ, ಅಷ್ಟೇ.

ಹಾಗಂತ ಕಂಪ್ಯೂಟರ್ ದಂಡ ಅಲ್ಲ. ಪಾಠದ ವಿಡಿಯೋ ನೋಡುವುದಕ್ಕೆ ಅದು ಬೇಡ, ಏನಾದರೂ ಮಾಡಿ ನೋಡುವುದಕ್ಕೆ ಬೇಕು. ಜಿಯೋಜೀಬ್ರಾ ಅಂತ ಗಣಿತದ ಆ್ಯಪ್ ಇದೆ. ಅದರಲ್ಲಿ ಅರ್ಧವೃತ್ತದ ಮೇಲಿನ ಬಿಂದುವನ್ನು ವ್ಯಾಸದ ಎರಡೂ ತುದಿಗೆ ಸೇರಿಸಿ, ಎಲ್ಲಿಗೆ ಎಳೆದರೂ ಅಲ್ಲಿನ ಕೋನ 90 ಡಿಗ್ರಿ ಬಿಟ್ಟು ಕದಲಲ್ಲ. ಹತ್ತು ಸಲ ಎಳೆದ ಮಗು ಪ್ರಮೇಯವನ್ನು ಬಾಯಿಪಾಠ ಮಾಡಲ್ಲ. ಫೆಟ್ (PhET) ಅನ್ನೋ ವಿಜ್ಞಾನ ಪ್ರಯೋಗಗಳ ವೆಬ್‌ಸೈಟಿನಲ್ಲಿ ಬಲ್ಬುಗಳನ್ನು ಸರಣಿಯಲ್ಲಿ ಸೇರಿಸುತ್ತಾ ಹೋದರೆ ಬೆಳಕು ಮಂಕಾಗುತ್ತದೆ. ಶಾಲೆಯ ಅಮ್ಮೀಟರ್ ಕಪಾಟಿನಲ್ಲಿ ಬೀಗ ಹಾಕಿಕೊಂಡಿದ್ದರೂ ಚಿಂತೆ ಇಲ್ಲ. ಎರಡೂ ಪುಕ್ಕಟೆ. ಫೆಟ್‌ನ ಹಲವು ಪ್ರಯೋಗಗಳು ಕನ್ನಡದಲ್ಲೂ ಇವೆ.

ಎರಡೂ ಫೋನಿನಲ್ಲೇ ನಡೆಯುತ್ತವೆ. ಮೊದಲು ಒಂದು ತಿಂಗಳು ಅದರಲ್ಲೇ ಮಾಡಲಿ. ಆಮೇಲೆ ಮನೆಯ ಡೇರಿ ಚೀಟಿಗಳನ್ನು ಅವಳ ಕೈಗೆ ಕೊಡಿ. ಲೀಟರು, ಫ್ಯಾಟು, ದುಡ್ಡು ಎಲ್ಲ ಸ್ಪ್ರೆಡ್‌ಶೀಟಿಗೆ ತುಂಬಲಿ. ಸರಾಸರಿ, ಮಧ್ಯಾಂಕ ತೆಗೆಯಲಿ. ಹತ್ತನೇ ಕ್ಲಾಸಿನ ಸಂಖ್ಯಾಶಾಸ್ತ್ರ ಅಲ್ಲೇ ಇದೆ. ಪುಟ್ಟ ಪರದೆಯಲ್ಲಿ ಇದು ಕಷ್ಟ ಅಂತ ಅವಳೇ ಗೊಣಗಿದರೆ, ಆಗ ಕೊಡಿಸಿ.

ಗೇಮಿಂಗ್ ಮಾಡೆಲ್ ಬೇಡವೇ ಬೇಡ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಸಾಕು. ಕಚೇರಿಗಳಲ್ಲಿ ಬಳಸಿದ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಆದರೆ ವಿಂಡೋಸ್ 11 ಹಾಕಬಹುದಾ ಅಂತ ಕೇಳಿ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಹಳೇ ಮಾಲನ್ನು ನಿಮಗೆ ದಾಟಿಸಲು ನೋಡುತ್ತಾರೆ. ಹಾಗೊಂದು ಸಿಕ್ಕಿದರೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಉಬುಂಟು ಹಾಕಿಸಿ. ಚಾರ್ಜರ್ ಕಿತ್ತು ಅರ್ಧ ಗಂಟೆ ಓಡಿಸಿ ಬ್ಯಾಟರಿ ನೋಡಿ.

ತಂದ ಮೇಲೆ ಹಾಲ್‌ನಲ್ಲೇ ಇರಲಿ, ಬಾಗಿಲು ಹಾಕಿದ ರೂಮಿಗೆ ಬೇಡ. ನನ್ನ ಮಗನಿಗೆ ಹತ್ತನೇ ಕ್ಲಾಸು ಮುಗಿಯುವವರೆಗೂ ನಾನು ಕೊಡಿಸಿರಲಿಲ್ಲ. ಅತಿ ಆಯ್ತು ಅಂತ ಮನೆಯಲ್ಲಿ ಬೈಸಿಕೊಂಡಿದ್ದೇನೆ, ಇರಲಿ.

ಪ್ರಶ್ನೆ: ನೀಲಿ ಬೆಳಕು ತಡೆಯುವ ಕನ್ನಡಕ ಹಾಕಿಸಲಾ? (ಕುವೆಂಪುನಗರ, ಮೈಸೂರು)

ದುಡ್ಡು ದಂಡ. ರೆಪ್ಪೆ ಬಡಿಯದೆ ನೋಡುವುದರಿಂದ ಕಣ್ಣು ಉರಿಯುತ್ತದೆ. 20 ನಿಮಿಷಕ್ಕೊಮ್ಮೆ ದೂರದ ಮರ ನೋಡಲಿ.

ಪ್ರಶ್ನೆ: ಮಿದುಳು ಚುರುಕು ಮಾಡ್ತೀವಿ ಅನ್ನೋ ಮಿಡ್‌ಬ್ರೈನ್ ಕೋರ್ಸಿಗೆ ಸೇರಿಸಿದರೆ ಟ್ಯಾಬ್ ಫ್ರೀ ಅಂತೆ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತಾರೆ. (ಪಾಂಡವಪುರ)

ಮೂಗಿನ ಪಕ್ಕದ ಸಂದಿಯಿಂದ ನೋಡುತ್ತಾರೆ, ಅಲ್ವಾ? ಮಗುವನ್ನು ಸುಳ್ಳು ಹೇಳಲು ತಯಾರು ಮಾಡುವುದಕ್ಕೆ ಫೀಸು ಬೇರೆ! ಎರಡೂ ಕಣ್ಣಿನ ಮೇಲೆ ಗೋಧಿಹಿಟ್ಟಿನ ಉಂಡೆ ಒತ್ತಿ ಬಟ್ಟೆ ಕಟ್ಟಲು ಹೇಳಿ. ಕೋರ್ಸಿನವರು ಒಪ್ಪಲ್ಲ.

ಪ್ರಶ್ನೆ: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಾಜೆಕ್ಟ್ ಫೋನಿನಲ್ಲಿ ಏನೇನೋ ಅಕ್ಷರ ತೋರಿಸುತ್ತದೆ. (ಮಳವಳ್ಳಿ)

ನುಡಿಯಲ್ಲೇ ಯೂನಿಕೋಡ್‌ಗೆ (ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿ) ಬದಲಿಸಿಕೊಂಡು ಟೈಪ್ ಮಾಡಿ. ನೂರನೇ ಸಲ ಹೇಳುತ್ತಿದ್ದೇನೆ.